ನಿಕ್ಕಲ್–ಜಲಜನಕ ಪ್ರಯೋಗಗಳಲ್ಲಿ ಬೈಜಿಕ ಉತ್ಪನ್ನಗಳು ನಿಜಕ್ಕೂ ಸಿಕ್ಕಿವೆಯೇ?

ಕುತೂಹಲಿ:
ಶೀತಲ ಸಮ್ಮಿಲನದ, ಅಂದರೆ ಸೂರ್ಯನಷ್ಟು ಬಿಸಿಯಿಲ್ಲದೆಯೇ ಪರಮಾಣು ಬೀಜಗಳು ಬೆಸೆದು ಶಕ್ತಿ ಕೊಡುತ್ತವೆಂಬ ವಾದದ, ಮಾತು ಬಂದಾಗಲೆಲ್ಲ ಚರ್ಚೆ ಶಾಖದ ಸುತ್ತಲೇ ಗಿರಕಿ ಹೊಡೆಯುತ್ತದೆ. ಇಷ್ಟು ವ್ಯಾಟ್ ಕೊಟ್ಟೆವು, ಅದಕ್ಕಿಂತ ಹೆಚ್ಚು ಬಂತು ಎಂದು ಒಬ್ಬರು ಹೇಳುತ್ತಾರೆ. ಅಳತೆಯೇ ಸರಿಯಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ನನ್ನ ಪ್ರಶ್ನೆ ಬೇರೆಯದು. ಪಿಯಾಂಟೆಲ್ಲಿ, ಫೊಕಾರ್ಡಿ ಮತ್ತು ಹಾಬೆಲ್ ಅವರು 1994ರಲ್ಲಿ ಇಟಲಿಯಿಂದ ವರದಿ ಮಾಡಿದ ಬಗೆಯ ಪ್ರಯೋಗಗಳಲ್ಲಿ, ಅಂದರೆ ನಿಕ್ಕಲ್ ಲೋಹಕ್ಕೆ ಜಲಜನಕ ಉಣಿಸಿ ಕಾಯಿಸುವ ಪ್ರಯೋಗಗಳಲ್ಲಿ, ಬೈಜಿಕ ಕ್ರಿಯೆ ನಡೆದಿದ್ದರೆ ಅದರ ಕುರುಹು ಉಳಿಯಲೇಬೇಕು. ಹೊಸ ಧಾತು, ಬದಲಾದ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಅನುಪಾತ, ನ್ಯೂಟ್ರಾನ್, ಗಾಮಾ ಕಿರಣ, ಟ್ರೀಷಿಯಂ (ಜಲಜನಕದ ವಿಕಿರಣಶೀಲ ರೂಪ), ಇವುಗಳಲ್ಲಿ ಯಾವುದಾದರೂ ಒಂದು ಅನುಮಾನಕ್ಕೆ ಎಡೆಯಿಲ್ಲದಂತೆ ಸಿಕ್ಕಿದೆಯೇ? ಶಾಖದ ವಾದವನ್ನು ಬದಿಗಿಟ್ಟು ಇದನ್ನಷ್ಟೇ ಚರ್ಚಿಸೋಣ ಎಂದು ಕೋರುತ್ತೇನೆ.

ಎಣಿಕೆಗಾರ:
ಒಂದೇ ಮಾತಿನಲ್ಲಿ ಹೇಳುವುದಾದರೆ, ಇಲ್ಲ.

ಜಾಲಕ:
ಎಣಿಕೆಗಾರರೇ, ಅಷ್ಟು ಸುಲಭವಾಗಿ ಬಾಗಿಲು ಮುಚ್ಚಬೇಡಿ. 1999ರಲ್ಲಿ ಇದೇ ಇಟಾಲಿಯನ್ ಗುಂಪು ನಿಕ್ಕಲ್–ಜಲಜನಕ ವ್ಯವಸ್ಥೆಯಿಂದ ನ್ಯೂಟ್ರಾನ್‌ಗಳು ಹೊರಬಿದ್ದವೆಂದು ಇಟಲಿಯ ಭೌತಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿತು. ಅದಕ್ಕೂ ಮೊದಲು, 1990ರ ದಶಕದ ಆರಂಭದಲ್ಲಿ, ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸಾಮಾನ್ಯ ನೀರಿನ ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ನಿಕ್ಕಲ್ ಕ್ಯಾಥೋಡ್ ಇಟ್ಟು ವಿದ್ಯುತ್ ಹರಿಸಿ, ಟ್ರೀಷಿಯಂ ಕಂಡುಬಂತೆಂದು ವರದಿ ಮಾಡಿದರು. ಇವರೆಲ್ಲ ವಿಕಿರಣವನ್ನು ಅಳೆಯುವುದನ್ನೇ ವೃತ್ತಿಯಾಗಿಸಿಕೊಂಡವರು. ಅವರ ವರದಿಗಳನ್ನು ಓದದೆಯೇ ‘ಇಲ್ಲ’ ಎನ್ನುವುದು ವಿಜ್ಞಾನದ ರೀತಿಯಲ್ಲ.

ಎಣಿಕೆಗಾರ:
ಓದಿಯೇ ಹೇಳುತ್ತಿದ್ದೇನೆ. ವರದಿ ಇದೆಯೇ ಎಂಬುದು ಪ್ರಶ್ನೆಯಲ್ಲ. ಸಿಕ್ಕಿತೆನ್ನುವ ಉತ್ಪನ್ನವು ಬಂತೆನ್ನುವ ಶಾಖಕ್ಕೆ ತಾಳೆಯಾಗುತ್ತದೆಯೇ ಎಂಬುದು ಪ್ರಶ್ನೆ. ಡ್ಯುಟೀರಿಯಂನ, ಅಂದರೆ ಭಾರ ಜಲಜನಕದ, ಸಮ್ಮಿಲನವನ್ನೇ ತೆಗೆದುಕೊಳ್ಳಿ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಲ ಟ್ರೀಷಿಯಂ ಮತ್ತು ಪ್ರೋಟಾನ್ ಹುಟ್ಟುತ್ತವೆ, ಉಳಿದರ್ಧ ಸಲ ಹೀಲಿಯಂ-3 ಮತ್ತು 2.45 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನ (ಇದು ಕಣಗಳ ಶಕ್ತಿಯನ್ನು ಅಳೆಯುವ ಮಾನ) ನ್ಯೂಟ್ರಾನ್ ಹುಟ್ಟುತ್ತವೆ. ಈ ದಾರಿಯಲ್ಲಿ ಒಂದೇ ಒಂದು ವ್ಯಾಟ್ ಶಾಖ ಬರಬೇಕಿದ್ದರೂ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ನ್ಯೂಟ್ರಾನ್ ಹೊರಬೀಳಬೇಕು. ಅದೇ ಒಂದು ವ್ಯಾಟ್ ಒಂದು ದಿನ ನಡೆದರೆ ಕೂಡುವ ಟ್ರೀಷಿಯಂ ಸೆಕೆಂಡಿಗೆ 10 ಕೋಟಿಗೂ ಮೀರಿದ ವಿಘಟನೆಗಳನ್ನು ತೋರಬೇಕು. ಆ ಮಟ್ಟದ ಎಣಿಕೆ ಬಂದಿದ್ದರೆ ವಾದಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಬಂದದ್ದು ಹಿನ್ನೆಲೆಗಿಂತ ತುಸು ಮೇಲಿನ ಎಣಿಕೆ.

ಪರಮಾಣು ವಿದ್ಯಾರ್ಥಿ:
ಒಂದು ಸಣ್ಣ ಸ್ಪಷ್ಟನೆ. ಈ ಲೆಕ್ಕ ಪೆಲ್ಲೇಡಿಯಂ–ಭಾರಜಲದ (ಡ್ಯುಟೀರಿಯಂ ಇರುವ ನೀರಿನ) ಪ್ರಯೋಗಗಳಿಗೆ, ಅಂದರೆ 1989ರ ಮಾರ್ಚ್ 23ರಂದು ಪಾನ್ಸ್ ಮತ್ತು ಫ್ಲೈಶ್‌ಮನ್ ಪ್ರಕಟಿಸಿ ಶೀತಲ ಸಮ್ಮಿಲನದ ಚರ್ಚೆಯನ್ನು ಹುಟ್ಟುಹಾಕಿದ ಮಾದರಿಗೆ ಹೊಂದುತ್ತದೆ. ನಿಕ್ಕಲ್ ಪ್ರಯೋಗಗಳಲ್ಲಿ ಬಳಸುವುದು ಸಾಮಾನ್ಯ ಜಲಜನಕ. ಅದರಲ್ಲಿ ಸುಮಾರು 6,400 ಪರಮಾಣುಗಳಿಗೆ ಒಂದರಂತೆ ಮಾತ್ರ ಡ್ಯುಟೀರಿಯಂ ಇರುತ್ತದೆ. ಹಾಗಾಗಿ ಇಲ್ಲಿ ಪರಿಶೀಲಿಸಬೇಕಾದದ್ದು ಪ್ರೋಟಾನು ನಿಕ್ಕಲ್ ಬೀಜವನ್ನೇ ಹೊಕ್ಕು ತಾಮ್ರವಾಗುವ ಕ್ರಿಯೆ.

ದ್ರವ್ಯರಾಶಿ:
ವಿದ್ಯಾರ್ಥಿಯವರು ಸರಿಯಾದ ಜಾಗಕ್ಕೆ ಬಂದಿದ್ದಾರೆ. ಆ ದಾರಿಯನ್ನೇ ಹಿಡಿದು ನೋಡೋಣ.

ನಿಸರ್ಗದ ನಿಕ್ಕಲ್‌ನಲ್ಲಿ ಐದು ಸ್ಥಿರ ಐಸೊಟೋಪ್‌ಗಳಿವೆ. ನಿಕ್ಕಲ್-58 ಸುಮಾರು 68 ಪ್ರತಿಶತ, ನಿಕ್ಕಲ್-60 ಸುಮಾರು 26 ಪ್ರತಿಶತ, ನಿಕ್ಕಲ್-61 ಒಂದು ಪ್ರತಿಶತದ ಆಸುಪಾಸು, ನಿಕ್ಕಲ್-62 ಸುಮಾರು 3.6 ಪ್ರತಿಶತ ಮತ್ತು ನಿಕ್ಕಲ್-64 ಒಂದು ಪ್ರತಿಶತಕ್ಕಿಂತ ತುಸು ಕಡಿಮೆ. ಪ್ರೋಟಾನು ಸೇರಿದಾಗ 58ರಿಂದ ತಾಮ್ರ-59 ಆಗುತ್ತದೆ, ಅದರ ಅರ್ಧಾಯು, ಅಂದರೆ ಅರ್ಧ ಪಾಲು ವಿಘಟಿಸಲು ಹಿಡಿಯುವ ಕಾಲ, ಒಂದೂವರೆ ನಿಮಿಷಕ್ಕಿಂತಲೂ ಕಡಿಮೆ. 60ರಿಂದ ತಾಮ್ರ-61, ಅರ್ಧಾಯು 3.3 ಗಂಟೆ. 61ರಿಂದ ತಾಮ್ರ-62, ಅರ್ಧಾಯು ಹತ್ತು ನಿಮಿಷದ ಹತ್ತಿರ. ಈ ಮೂರೂ ಪಾಸಿಟ್ರಾನ್ (ಧನ ವಿದ್ಯುದಂಶದ ಎಲೆಕ್ಟ್ರಾನ್) ಹೊರಸೂಸುತ್ತವೆ, ಪ್ರತಿ ಪಾಸಿಟ್ರಾನ್ ಎಲೆಕ್ಟ್ರಾನಿನೊಡನೆ ಸೇರಿ ನಾಶವಾದಾಗ ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕಿಗೆ ಹಾರುತ್ತವೆ. ಎರಡು ಶೋಧಕಗಳನ್ನು ಎದುರುಬದುರಾಗಿಟ್ಟು ಏಕಕಾಲದ ಬಡಿತಗಳನ್ನು ಮಾತ್ರ ಎಣಿಸಿದರೆ ಹಿನ್ನೆಲೆಯ ಗದ್ದಲ ಬಹುಪಾಲು ಕಳಚಿಹೋಗುತ್ತದೆ. ಕುಲುಮೆ ಆರಿಸಿದ ಮೇಲೂ ತಾಮ್ರ-61ರ ಸಂಕೇತ ಗಂಟೆಗಟ್ಟಲೆ, ತನ್ನದೇ ಅರ್ಧಾಯುವಿನ ಲಯದಲ್ಲಿ ಇಳಿಯುತ್ತಿರಬೇಕು. ಇಷ್ಟು ಸುಲಭವಾದ, ಇಷ್ಟು ನಿರ್ಣಾಯಕವಾದ ಪರೀಕ್ಷೆ ಇನ್ನೊಂದಿಲ್ಲ. ಅಂಥ ಇಳಿಕೆಯ ರೇಖೆಯನ್ನು ಯಾರೂ ಎಲ್ಲರೂ ಒಪ್ಪುವಂತೆ ತೋರಿಸಿಲ್ಲ.

ಜಾಲಕ:
ಆದರೆ 62 ಮತ್ತು 64 ಮಾತ್ರ ಕ್ರಿಯೆಗೆ ಒಳಗಾದರೆ ಸಿಗುವ ತಾಮ್ರ-63 ಮತ್ತು ತಾಮ್ರ-65 ಸ್ಥಿರವಾದವು, ಪಾಸಿಟ್ರಾನ್ ಬರುವುದೇ ಇಲ್ಲ. ನಿಕ್ಕಲ್ ಪುಡಿ ಮತ್ತು ಜಲಜನಕದಿಂದ ಶಾಖ ಬರುತ್ತದೆಂದು ಆಂಡ್ರಿಯಾ ರೊಸ್ಸಿ ಹೇಳಿಕೊಂಡ ಯಂತ್ರದ ಬಗ್ಗೆ ಮಂಡಿಸಿದ ವಿವರಣೆಯೂ ಇದೇ ಆಗಿತ್ತಲ್ಲವೇ? ಬಳಸಿದ ಪುಡಿಯಲ್ಲಿ ತಾಮ್ರ ಸಿಕ್ಕಿದ್ದೂ ನಿಜವಲ್ಲವೇ?

ದ್ರವ್ಯರಾಶಿ:
ಸಿಕ್ಕಿದ್ದು ನಿಜ. 2011ರಲ್ಲಿ ಸ್ವೀಡನ್ನಿನ ಭೌತವಿಜ್ಞಾನಿಗಳಾದ ಕುಲ್ಲಾಂಡರ್ ಮತ್ತು ಎಸ್ಸೆನ್ ಅವರಿಗೆ ರೊಸ್ಸಿಯವರೇ ಎರಡು ಪುಡಿಗಳನ್ನು ಕೊಟ್ಟಿದ್ದರು. ಎರಡೂವರೆ ತಿಂಗಳು ಬಳಸಿದ್ದೆಂದು ಹೇಳಲಾದ ಪುಡಿಯಲ್ಲಿ ಸುಮಾರು 10 ಪ್ರತಿಶತ ತಾಮ್ರವೂ 11 ಪ್ರತಿಶತ ಕಬ್ಬಿಣವೂ ಇದ್ದವು. ಈಗ ಎರಡು ವಿಷಯ ಗಮನಿಸಿ. 62 ಮತ್ತು 64 ಎರಡೂ ಸೇರಿದರೂ ನಿಸರ್ಗದ ನಿಕ್ಕಲ್‌ನಲ್ಲಿ ಐದು ಪ್ರತಿಶತ ತಲುಪುವುದಿಲ್ಲ. ಅವೆರಡೂ ಒಂದು ಪರಮಾಣು ಬಿಡದೆ ತಾಮ್ರವಾದರೂ 10 ಪ್ರತಿಶತ ಎಲ್ಲಿಂದ ಬರಬೇಕು? ಇನ್ನು ಅನುಪಾತ. ಎರಡೂ ಒಂದೇ ವೇಗದಲ್ಲಿ ಮಾರ್ಪಟ್ಟರೆ ತಾಮ್ರ-63 ಮತ್ತು 65ರ ಪಾಲು 80ಕ್ಕೆ 20ರ ಹತ್ತಿರ ಇರಬೇಕಿತ್ತು. ಭೂಮಿಯ ಮೇಲಿನ ಮಾಮೂಲಿ ತಾಮ್ರದಲ್ಲಿ ಅದು 69ಕ್ಕೆ 31. ಆ ಪುಡಿಯ ಐಸೊಟೋಪ್ ವಿಶ್ಲೇಷಣೆಯಲ್ಲಿ ನಿಸರ್ಗದ ಅನುಪಾತದಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ. ಬೈಜಿಕ ಕ್ರಿಯೆಯಿಂದ ಹುಟ್ಟಿದ ತಾಮ್ರವು ಗಣಿಯಿಂದ ತೆಗೆದ ತಾಮ್ರದ ಅನುಪಾತವನ್ನೇ ಪಡೆಯಲು ಯಾವ ಕಾರಣವೂ ಇಲ್ಲ.

ಲೋಹಪರೀಕ್ಷಕಿ:
ನಿರ್ವಾತ ವ್ಯವಸ್ಥೆಗಳೊಡನೆ ಕೆಲಸ ಮಾಡುವವಳಾಗಿ ಒಂದು ಮಾತು ಸೇರಿಸುತ್ತೇನೆ. ಇಂಥ ಉಪಕರಣಗಳ ಜೋಡಣೆಗಳಲ್ಲಿ ಒತ್ತಿ ಕೂರಿಸುವ ಗ್ಯಾಸ್ಕೆಟ್‌ಗಳೇ ತಾಮ್ರದವು. ಕವಾಟಗಳು ಅನೇಕ ಕಡೆ ಹಿತ್ತಾಳೆಯವು, ಒಳಗಿನ ತಂತಿ ತಾಮ್ರದ್ದು, ಪಾತ್ರೆ ಉಕ್ಕಿನದು. ಜಲಜನಕದ ವಾತಾವರಣದಲ್ಲಿ ದಿನಗಟ್ಟಲೆ ಕೆಂಪಗೆ ಕಾಯಿಸಿದ ಮೇಲೆ ಪುಡಿಯಲ್ಲಿ ತಾಮ್ರ, ಕಬ್ಬಿಣ, ಕ್ರೋಮಿಯಂ ಕಾಣಿಸಿದರೆ ಮೊದಲು ಸಂಶಯಿಸಬೇಕಾದದ್ದು ಪಾತ್ರೆಯನ್ನು. ಧಾತು ಇದೆ ಎಂಬುದಷ್ಟೇ ಪುರಾವೆಯಾಗದು. ಐಸೊಟೋಪ್ ಅನುಪಾತ ಬದಲಾಗಿದೆಯೇ ಎಂಬುದೇ ಪುರಾವೆ.

ಹೊಸಬ:
ಹಾಗಾದರೆ ರೊಸ್ಸಿ ಯಂತ್ರದ ಪರೀಕ್ಷೆಯ ಬಗ್ಗೆ ಬಂದ 2014ರ ಲುಗಾನೊ ವರದಿ? ಅದರಲ್ಲಿ ಐಸೊಟೋಪ್ ಅನುಪಾತವೇ ಪೂರ್ತಿ ಬದಲಾಗಿತ್ತಲ್ಲ.

ಎಣಿಕೆಗಾರ:
ಇದು ಒಳ್ಳೆಯ ಪ್ರಶ್ನೆ, ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಸ್ವಿಟ್ಜರ್‌ಲೆಂಡಿನ ಲುಗಾನೊ ಬಳಿ 32 ದಿನ ನಡೆದ ಆ ಪ್ರಯೋಗದಲ್ಲಿ ಸುಮಾರು ಒಂದು ಗ್ರಾಂ ಇಂಧನ ಬಳಸಿದರೆಂದು ವರದಿ ಹೇಳುತ್ತದೆ. ಬಳಿಕ ಸಿಕ್ಕ ಬೂದಿಯ, ಅಂದರೆ ಬಳಸಿ ಉಳಿದ ಇಂಧನದ, ಮಾದರಿಯಲ್ಲಿ ನಿಕ್ಕಲ್-62ರ ಪ್ರಮಾಣ 3.6 ಪ್ರತಿಶತದಿಂದ 98ಕ್ಕೂ ಮೇಲೇರಿತ್ತು. ಲಿಥಿಯಂನಲ್ಲಿ, ನಿಸರ್ಗದಲ್ಲಿ 92 ಪ್ರತಿಶತದಷ್ಟಿರುವ ಲಿಥಿಯಂ-7 ಬಹುಪಾಲು ಕಾಣೆಯಾಗಿ, ಲಿಥಿಯಂ-6 ಮೇಲುಗೈ ಪಡೆದಿತ್ತು. ಮೇಲ್ನೋಟಕ್ಕೆ ಇದು ಬೆಚ್ಚಿಬೀಳಿಸುವ ಫಲಿತಾಂಶವೇ. ಲಿಥಿಯಂ-7 ಒಂದು ನ್ಯೂಟ್ರಾನ್ ಕಳೆದುಕೊಂಡು 6 ಆಯಿತು, ಆ ನ್ಯೂಟ್ರಾನ್ ನಿಕ್ಕಲ್ ಸೇರಿತು ಎಂದು ಹಲವರು ವಾದಿಸಿದರು.

ಈ ವಾದವನ್ನು ತಕ್ಕಡಿಗೆ ಹಾಕಿ. ವರದಿಯ ರಾಸಾಯನಿಕ ವಿಶ್ಲೇಷಣೆಯ ಪ್ರಕಾರ ಇಂಧನದ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ನಿಕ್ಕಲ್, ಸುಮಾರು ಒಂದು ಪ್ರತಿಶತ ಲಿಥಿಯಂ. ಪರಮಾಣುಗಳ ಲೆಕ್ಕಕ್ಕೆ ತಿರುಗಿಸಿದರೆ ಐದಾರು ನಿಕ್ಕಲ್ ಪರಮಾಣುಗಳಿಗೆ ಒಂದೇ ಲಿಥಿಯಂ. ಈಗ ನಿಕ್ಕಲ್-58 ಒಂದು 62 ಆಗಲು ನಾಲ್ಕು ನ್ಯೂಟ್ರಾನ್ ಬೇಕು, 60ಕ್ಕೆ ಎರಡು ಬೇಕು. ಸರಾಸರಿ ತೆಗೆದರೆ ಪ್ರತಿ ನಿಕ್ಕಲ್ ಪರಮಾಣುವಿಗೆ ಮೂರಕ್ಕೂ ಹೆಚ್ಚು. ಅಂದರೆ ಒಂದು ಲಿಥಿಯಂ ಪರಮಾಣು ಹದಿನೈದಕ್ಕೂ ಹೆಚ್ಚು ನ್ಯೂಟ್ರಾನ್ ಒದಗಿಸಬೇಕು. ಅದು ಲಿಥಿಯಂ-6 ಆಗಿ ಉಳಿಯಬೇಕಾದರೆ ಕೊಡಬಲ್ಲದ್ದು ಒಂದನ್ನು ಮಾತ್ರ. ಜಮಾ ಖರ್ಚು ಕೂಡುವುದೇ ಇಲ್ಲ. ಅದರ ಜೊತೆಗೆ ಹಿನ್ನೆಲೆಗಿಂತ ಹೆಚ್ಚಿನ ವಿಕಿರಣವೂ ಕಂಡುಬರಲಿಲ್ಲ. ವಿಶ್ಲೇಷಣೆಗೆ ಹೋದದ್ದು ಕೆಲವೇ ಮಿಲಿಗ್ರಾಂ, ಇಂಧನ ತುಂಬುವಾಗಲೂ ತೆಗೆಯುವಾಗಲೂ ಯಂತ್ರದ ಒಡೆಯರಾದ ರೊಸ್ಸಿಯವರೇ ಕೈಹಾಕಿದ್ದರು. ಸಮೃದ್ಧೀಕರಿಸಿದ ನಿಕ್ಕಲ್-62 ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುವ ವಸ್ತು. ನಾನು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಸ್ವತಂತ್ರ ಕಾವಲು ಇರಲಿಲ್ಲ ಎಂಬುದಷ್ಟೇ ನನ್ನ ಆಕ್ಷೇಪ.

ಹೊಸಬ:
ಲಿಥಿಯಂ ಲೆಕ್ಕವನ್ನು ನಾನೇ ಕಾಗದದ ಮೇಲೆ ಹಾಕಿ ನೋಡಿದೆ. ಅನುಪಾತ ಹಾಗೆಯೇ ಬರುತ್ತದೆ.

ಜಾಲಕ:
ಲುಗಾನೊ ವರದಿಯ ಮೇಲೆ ನನ್ನ ವಾದ ನಿಂತಿಲ್ಲ, ಹಾಗಾಗಿ ಅದನ್ನು ಬಿಡೋಣ. ಆದರೆ ನೀವೆಲ್ಲರೂ ನಿರ್ವಾತದಲ್ಲಿ ಎರಡು ಬೀಜಗಳು ಡಿಕ್ಕಿ ಹೊಡೆಯುವ ಚಿತ್ರವನ್ನೇ ಲೋಹದೊಳಗೂ ಹೇರುತ್ತಿದ್ದೀರಿ. ಲೋಹದ ಜಾಲಕದಲ್ಲಿ ಶಕ್ತಿ ಒಂದೇ ಗಾಮಾ ಕಿರಣವಾಗಿ ಸಿಡಿಯದೆ ಅಸಂಖ್ಯ ಪರಮಾಣುಗಳ ಕಂಪನವಾಗಿ ಹಂಚಿಹೋಗಬಹುದಲ್ಲವೇ? ವಿಡಂ ಮತ್ತು ಲಾರ್ಸೆನ್ 2006ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಪ್ರೋಟಾನು ಎಲೆಕ್ಟ್ರಾನನ್ನು ಹಿಡಿದು ಅತಿ ನಿಧಾನದ ನ್ಯೂಟ್ರಾನ್ ಆಗುತ್ತದೆ, ಆ ನ್ಯೂಟ್ರಾನಿಗೆ ವಿದ್ಯುತ್ ವಿಕರ್ಷಣೆಯ ಗೋಡೆಯೇ ಇಲ್ಲ.

ಪರಮಾಣು ವಿದ್ಯಾರ್ಥಿ:
ಜಾಲಕ ಅವರೇ, ಆ ಹಿಡಿತಕ್ಕೆ 0.78 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನು ಹೊರಗಿನಿಂದ ಒದಗಿಸಬೇಕು. 1400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾದ ಲೋಹದ ಕಣವೊಂದಕ್ಕೆ ದಕ್ಕುವ ಉಷ್ಣಶಕ್ತಿ ಸುಮಾರು 0.14 ಎಲೆಕ್ಟ್ರಾನ್ ವೋಲ್ಟ್. ನಡುವೆ ಐವತ್ತು ಲಕ್ಷ ಪಟ್ಟಿಗೂ ಮೀರಿದ ಅಂತರವಿದೆ. ಅದನ್ನು ಹೇಗೋ ದಾಟಿದರು ಎಂದೇ ಇಟ್ಟುಕೊಳ್ಳೋಣ; ನ್ಯೂಟ್ರಾನನ್ನು ನುಂಗಿದ ನಿಕ್ಕಲ್-58 ತಕ್ಷಣವೇ ಸುಮಾರು 9 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಹೊರಸೂಸುತ್ತದೆ. ಅಷ್ಟು ಎತ್ತರದಲ್ಲಿ ನೈಸರ್ಗಿಕ ವಿಕಿರಣದ ಗೆರೆಗಳೇ ಇರುವುದಿಲ್ಲ, ಹಾಗಾಗಿ ಅದು ಕಣ್ತಪ್ಪುವ ಸಾಧ್ಯತೆ ತೀರಾ ಕಡಿಮೆ.

ಎಣಿಕೆಗಾರ:
ಅದಕ್ಕಿಂತಲೂ ಮುಖ್ಯವಾದ ಮಾತೆಂದರೆ, ಗಾಮಾ ಅಡಗಿತು ಎಂದು ಒಪ್ಪಿದರೂ ಬೂದಿ, ಅಂದರೆ ಕ್ರಿಯೆಯಲ್ಲಿ ಹುಟ್ಟಿದ ಹೊಸ ಪರಮಾಣುಗಳು, ಅಡಗುವುದಿಲ್ಲ. ನಿಕ್ಕಲ್-62 ಪ್ರೋಟಾನ್ ಪಡೆದು ತಾಮ್ರ-63 ಆದಾಗ ಬಿಡುಗಡೆಯಾಗುವುದು ಸುಮಾರು 6.1 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಅದರ ಪ್ರಕಾರ ಒಂದು ವ್ಯಾಟ್ ಒಂದು ದಿನ ನಡೆದರೆ ಸುಮಾರು 9 ಮೈಕ್ರೊಗ್ರಾಂ ತಾಮ್ರ ಹುಟ್ಟಬೇಕು, ಒಂದು ಕಿಲೋವ್ಯಾಟ್ 75 ದಿನ ನಡೆದರೆ ಸುಮಾರು 0.7 ಗ್ರಾಂ. ಯಾವ ಸಿದ್ಧಾಂತವೇ ಇರಲಿ, ಶಕ್ತಿ ಯಾವ ರೂಪದಲ್ಲೇ ಹೊರಬರಲಿ, ಪರಮಾಣುಗಳು ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ನಾನು ಸಿದ್ಧಾಂತದ ಜಗಳಕ್ಕೆ ಇಳಿಯುವುದೇ ಇಲ್ಲ, ಬೂದಿಯನ್ನು ತೂಗಿ ತೋರಿಸಿ ಎಂದಷ್ಟೇ ಕೇಳುತ್ತೇನೆ.

ಜಾಲಕ:
ಈ ಬೇಡಿಕೆ ನ್ಯಾಯವಾದದ್ದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಭಾಭಾ ಕೇಂದ್ರದ ಟ್ರೀಷಿಯಂ ವಿಷಯಕ್ಕೆ ಯಾರೂ ಉತ್ತರಿಸಲಿಲ್ಲ. ಟ್ರೀಷಿಯಂ ಪಾತ್ರೆಯ ಗೋಡೆಯಿಂದ ಬರುವುದಿಲ್ಲ, ಗ್ಯಾಸ್ಕೆಟ್‌ನಿಂದಲೂ ಬರುವುದಿಲ್ಲ.

ರೇಡಾನ್:
ಟ್ರೀಷಿಯಂ ಅಳತೆಯ ಬಗ್ಗೆ ನಾನು ಹೇಳಬಲ್ಲೆ. ಅದರ ಬೀಟಾ ಕಣದ ಗರಿಷ್ಠ ಶಕ್ತಿಯೇ 18.6 ಕಿಲೋ ಎಲೆಕ್ಟ್ರಾನ್ ವೋಲ್ಟ್. ಗಾಜಿನ ಸೀಸೆಯನ್ನೂ ದಾಟಲಾರದು. ಆದ್ದರಿಂದ ದ್ರಾವಣವನ್ನು ಮಿನುಗು ದ್ರವದಲ್ಲಿ ಬೆರೆಸಿ, ಕತ್ತಲಲ್ಲಿಟ್ಟು, ಹೊಮ್ಮುವ ಬೆಳಕಿನ ಮಿಂಚುಗಳನ್ನು ಎಣಿಸುತ್ತೇವೆ. ಕ್ಷಾರೀಯ ದ್ರಾವಣ ಬೆರೆತಾಗ ರಾಸಾಯನಿಕ ಕ್ರಿಯೆಯಿಂದಲೇ ಬೆಳಕು ಹೊಮ್ಮಿ, ಟ್ರೀಷಿಯಂ ಇರುವ ಕೆಳಮಟ್ಟದ ವಲಯದಲ್ಲೇ ಸುಳ್ಳು ಎಣಿಕೆ ಏರುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್ ಕ್ಷಾರೀಯ ಲವಣವೇ. ಸಾಲದ್ದಕ್ಕೆ ಪೊಟ್ಯಾಸಿಯಂನಲ್ಲೇ ಪೊಟ್ಯಾಸಿಯಂ-40 ಎಂಬ ನೈಸರ್ಗಿಕ ವಿಕಿರಣಶೀಲ ಐಸೊಟೋಪ್ 0.0117 ಪ್ರತಿಶತ ಇದೆ. ಮಾದರಿಯನ್ನು ಬಟ್ಟಿ ಇಳಿಸಿ ಲವಣ ಬೇರ್ಪಡಿಸಬೇಕು, ಸೀಸೆಯನ್ನು ಕತ್ತಲಲ್ಲಿ ಸಾಕಷ್ಟು ಕಾಲ ಇಟ್ಟ ಮೇಲೆ ಎಣಿಸಬೇಕು, ಪೂರ್ತಿ ಶಕ್ತಿ ವರ್ಣಪಟಲವನ್ನೂ ತೋರಿಸಬೇಕು. ಆ ವಿಜ್ಞಾನಿಗಳಿಗೆ ಇದು ತಿಳಿದಿರಲಿಲ್ಲ ಎಂದು ನಾನು ಹೇಳುತ್ತಿಲ್ಲ, ಅವರ ಅನುಭವಕ್ಕೆ ನನ್ನ ಗೌರವವಿದೆ. ಆದರೆ ಆ ಫಲಿತಾಂಶ ಬೇರೆ ಪ್ರಯೋಗಶಾಲೆಗಳಲ್ಲಿ ಬೇಕೆಂದಾಗ ಮರುಕಳಿಸುವ ಹಂತಕ್ಕೆ ಬರಲಿಲ್ಲ. ನ್ಯೂಟ್ರಾನ್ ಎಣಿಕೆಯ ಕಥೆಯೂ ಹಾಗೆಯೇ. ನ್ಯೂಟ್ರಾನ್ ಎಣಿಸುವ ಹೀಲಿಯಂ-3 ಕೊಳವೆಗಳು ಕಂಪನಕ್ಕೂ ತೇವಾಂಶಕ್ಕೂ ವಿದ್ಯುತ್ ಗದ್ದಲಕ್ಕೂ ಸುಳ್ಳು ಸ್ಪಂದನ ಕೊಡುತ್ತವೆ. ಕಾಸ್ಮಿಕ್ ಕಿರಣಗಳಿಂದ ಬರುವ ನ್ಯೂಟ್ರಾನ್‌ಗಳ ಪ್ರಮಾಣವೂ ವಾಯುಭಾರ ಇಳಿದಾಗ ಏರುತ್ತದೆ.

ಹಳೆಯ ಓದುಗ:
ಅಳತೆಯ ಮಾತು ಬಂದದ್ದರಿಂದ ನೆನಪಾಯಿತು. 1989ರಲ್ಲಿ ಪಾನ್ಸ್–ಫ್ಲೈಶ್‌ಮನ್ ತೋರಿಸಿದ ಗಾಮಾ ಶಿಖರವನ್ನು ಎಂಐಟಿಯ ಪೆಟ್ರಾಸೊ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಪರಿಶೀಲಿಸಿದ ರೀತಿ ಇಂದಿಗೂ ಪಾಠವಾಗಬಲ್ಲದು. ನ್ಯೂಟ್ರಾನನ್ನು ಜಲಜನಕ ಹಿಡಿದಾಗ ಬರುವ ಗಾಮಾ 2.22 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನದ್ದು. ಅದು ನಿಜವಾಗಿದ್ದರೆ ಶಿಖರದ ಕೆಳಗೆ, 1.99ರ ಬಳಿ, ಕಾಂಪ್ಟನ್ ಅಂಚು ಎಂಬ ಮೆಟ್ಟಿಲು ಕಾಣಲೇಬೇಕಿತ್ತು, ಕಾಣಲಿಲ್ಲ. ಶಿಖರದ ಅಗಲವೂ ಆ ಶೋಧಕಕ್ಕೆ ಹೊಂದುತ್ತಿರಲಿಲ್ಲ. ಒಂದು ಶಿಖರದ ಹೆಸರು ಹೇಳಿದರೆ ಸಾಲದು, ಅದರ ಸುತ್ತಮುತ್ತಲ ಇಡೀ ವರ್ಣಪಟಲವೂ ಅದಕ್ಕೆ ಸಾಕ್ಷಿ ನುಡಿಯಬೇಕು.

ಕುತೂಹಲಿ:
ಮರುಪ್ರಯೋಗ ಮಾಡಿದವರು ಯಾರಾದರೂ ಇದ್ದಾರೆಯೇ?

ಹಳೆಯ ಓದುಗ:
ಇದ್ದಾರೆ. ಫೊಕಾರ್ಡಿ ಗುಂಪಿನ ಪ್ರಯೋಗವನ್ನು ಯುರೋಪಿನ ಕಣಭೌತಶಾಸ್ತ್ರ ಪ್ರಯೋಗಾಲಯವಾದ ಸರ್ನ್‌ನಲ್ಲಿ ಮರುಕಳಿಸಿ 1996ರಲ್ಲಿ ಪ್ರಕಟಿಸಿದರು, ಲೇಖಕರಲ್ಲಿ ಇಟಲಿಯ ಭೌತವಿಜ್ಞಾನಿ ಜಿಕಿಕಿ ಅವರೂ ಇದ್ದರು. ಮೂಲ ಗುಂಪು ಕಂಡಂಥ ತಾಪಮಾನದ ವರ್ತನೆಯನ್ನು ಅವರೂ ಕಂಡರು, ಆದರೆ ಶಕ್ತಿ ಉತ್ಪಾದನೆಗೆ ಪುರಾವೆ ಸಿಗಲಿಲ್ಲ. ಗೂಗಲ್ ಹಣ ಕೊಟ್ಟ ಗುಂಪು 2019ರಲ್ಲಿ ‘ನೇಚರ್’ನಲ್ಲಿ ವರದಿ ಮಾಡಿದಾಗ, ಜಲಜನಕದಲ್ಲಿ ಕಾಯಿಸಿದ ಲೋಹದ ಪುಡಿಗಳ 420 ಮಾದರಿಗಳಲ್ಲಿ ಒಂದೂ ಹೆಚ್ಚುವರಿ ಶಾಖ ಕೊಡಲಿಲ್ಲವೆಂದು ತಿಳಿಸಿತು.

ಜಾಲಕ:
ಅದೇ ಬರಹದಲ್ಲಿ, ಈ ಕ್ಷೇತ್ರದಲ್ಲಿ ಹುಡುಕಾಟ ಮುಂದುವರಿಯಬೇಕು ಎಂದೂ ಅವರು ವಾದಿಸಿದ್ದಾರೆ, ಅದನ್ನೂ ಹೇಳಿ. ಜಪಾನಿನ ಇವಾಮುರಾ ಗುಂಪು ನಿಕ್ಕಲ್–ತಾಮ್ರದ ತೆಳುಪದರಗಳಿಗೆ ಜಲಜನಕ ಉಣಿಸಿ, ಪರಿಚಿತ ರಾಸಾಯನಿಕ ಕ್ರಿಯೆಗಳಿಂದ ವಿವರಿಸಲಾಗದ ಶಾಖ ಬಂತೆಂದು 2024ರಲ್ಲಿ ಜಪಾನಿನ ಅನ್ವಯಿಕ ಭೌತಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದೆ. ಶಕ್ತಿ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಆರ್‌ಪಿಎ-ಇ 2023ರಲ್ಲಿ ಎಂಟು ತಂಡಗಳಿಗೆ 1 ಕೋಟಿ ಡಾಲರ್ ಘೋಷಿಸಿತು. ಮೂವತ್ತು ವರ್ಷಗಳ ಬಿಕ್ಕಟ್ಟನ್ನು ಬಿಡಿಸುವುದಕ್ಕೆಂದೇ ಕೊಟ್ಟ ಹಣ ಅದು. ಮುಗಿದ ಕಥೆಯಾಗಿದ್ದರೆ ಇಷ್ಟು ಜನ ಏಕೆ ದುಡಿಯುತ್ತಿದ್ದರು?

ಲೋಹಪರೀಕ್ಷಕಿ:
ದುಡಿಯುವುದು ತಪ್ಪೆಂದು ಇಲ್ಲಿ ಯಾರೂ ಹೇಳಿಲ್ಲ. ಆದರೆ ಪದರದಲ್ಲೇ ತಾಮ್ರ ಇರುವ ಮಾದರಿಯಲ್ಲಿ ತಾಮ್ರವನ್ನು ಬೂದಿಯೆಂದು ಹುಡುಕುವುದು ಎಷ್ಟು ಕಷ್ಟ ಎಂಬುದನ್ನೂ ಯೋಚಿಸಿ.

ಪರಮಾಣು ವಿದ್ಯಾರ್ಥಿ:
ಹಾಗಾದರೆ ಯಾವ ಪ್ರಯೋಗ ನಡೆದರೆ ಎರಡೂ ಪಕ್ಷದವರು ಒಪ್ಪುತ್ತೀರಿ? ಜಾಲಕ ಅವರೂ ಉತ್ತರಿಸಲಿ.

ದ್ರವ್ಯರಾಶಿ:
ನನ್ನ ಆಯ್ಕೆ ಹೀಗಿದೆ. ಸಮೃದ್ಧೀಕರಿಸಿದ ನಿಕ್ಕಲ್-64 ಪುಡಿಯಿಂದ ಆರಂಭಿಸಬೇಕು. ಪ್ರೋಟಾನು ಸೇರಿದರೆ ಸಿಗುವುದು ತಾಮ್ರ-65 ಮಾತ್ರ. ಹೊರಗಿನ ತಾಮ್ರ ಎಲ್ಲಿಂದಲೇ ನುಸುಳಲಿ, ಅದು ತನ್ನೊಡನೆ ಎರಡು ಪಟ್ಟಿಗೂ ಹೆಚ್ಚು ತಾಮ್ರ-63 ತರುತ್ತದೆ, ಹಾಗಾಗಿ ಕಲಬೆರಕೆ ತನ್ನ ಗುರುತನ್ನು ತಾನೇ ಹೇಳಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಪುಡಿಯನ್ನು ನೇರವಾಗಿ ಮಾಸ್ ಸ್ಪೆಕ್ಟ್ರೋಮೀಟರಿಗೆ (ಅಯಾನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಯಂತ್ರಕ್ಕೆ) ಹಾಕಬಾರದು. ನಿಕ್ಕಲ್-64ಕ್ಕೆ ಒಂದು ಜಲಜನಕ ಅಂಟಿದ ಅಯಾನಿನ ತೂಕವೂ 65ರ ಹತ್ತಿರವೇ ಇರುತ್ತದೆ. ತಾಮ್ರ-65ಕ್ಕೂ ಅದಕ್ಕೂ ವ್ಯತ್ಯಾಸ ಒಂದು ದ್ರವ್ಯರಾಶಿ ಮಾನದ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅವೆರಡನ್ನು ಬಿಡಿಸಿ ನೋಡಲು ಎಂಟು ಸಾವಿರಕ್ಕೂ ಮೇಲ್ಪಟ್ಟ ಪೃಥಕ್ಕರಣ ಸಾಮರ್ಥ್ಯ ಬೇಕು, ಕ್ವಾಡ್ರುಪೋಲ್ ಎಂಬ ಸಾಮಾನ್ಯ ಬಗೆಯ ಮಾಸ್ ಸ್ಪೆಕ್ಟ್ರೋಮೀಟರಿಗೆ ಅದು ಆಗದು. ಜಲಜನಕ ತುಂಬಿದ ನಿಕ್ಕಲ್‌ನಲ್ಲಿ ಈ ಸುಳ್ಳು ತಾಮ್ರ ಕಾಣುವುದು ತೀರಾ ಸಹಜ. ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಹೈಡ್ರೋಕ್ಲೋರಿಕ್ ಆಮ್ಲದ ಮಾಧ್ಯಮದಲ್ಲಿ ಅಯಾನು ವಿನಿಮಯ ರಾಳದ ಮೂಲಕ ಹರಿಸಿದರೆ ನಿಕ್ಕಲ್ ಹಾಗೆಯೇ ಹರಿದುಹೋಗುತ್ತದೆ, ತಾಮ್ರ ರಾಳಕ್ಕೆ ಅಂಟಿ ನಿಲ್ಲುತ್ತದೆ. ಆ ತಾಮ್ರವನ್ನು ಬೇರೆಯಾಗಿ ತೊಳೆದು ತೆಗೆದು ಅಳೆಯಬೇಕು. ಅದೇ ಪುಡಿಯನ್ನು, ಅದೇ ಪಾತ್ರೆಯಲ್ಲಿ, ಅದೇ ತಾಪದಲ್ಲಿ, ಜಲಜನಕದ ಬದಲು ಆರ್ಗಾನ್ ತುಂಬಿ ಇನ್ನೊಮ್ಮೆ ಕಾಯಿಸಿ ಹೋಲಿಸಬೇಕು.

ಜಾಲಕ:
ನಿಕ್ಕಲ್-64ರ ಪ್ರಯೋಗಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಒಂದೇ ಷರತ್ತು: ಹೆಚ್ಚುವರಿ ಶಾಖ ಬಂದ ಮಾದರಿಗಳನ್ನೇ ವಿಶ್ಲೇಷಣೆಗೆ ಕಳುಹಿಸಬೇಕು. ಶಾಖವೇ ಬಾರದ ಪುಡಿಯಲ್ಲಿ ಬೂದಿ ಸಿಗಲಿಲ್ಲ ಎಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಎಣಿಕೆಗಾರ:
ಎರಡೂ ಬಗೆಯವನ್ನು ಕಳುಹಿಸಬೇಕು, ಯಾವುದು ಯಾವುದೆಂದು ಪ್ರಯೋಗಶಾಲೆಗೆ ಹೇಳಬಾರದು. ಶಾಖ ಹೆಚ್ಚಿದ್ದಲ್ಲಿ ತಾಮ್ರ-65 ಹೆಚ್ಚು, ಶಾಖ ಇಲ್ಲದಲ್ಲಿ ಇಲ್ಲ ಎಂದು ಬಂದರೆ, ಅದೂ ವ್ಯಾಟಿಗೆ ತಕ್ಕ ಮೈಕ್ರೊಗ್ರಾಂ ಲೆಕ್ಕದಲ್ಲೇ ಬಂದರೆ, ಮೊದಲು ಒಪ್ಪುವವನು ನಾನೇ.

ರೇಡಾನ್:
ಕಾಯಿಸುವ ಮೊದಲೇ ಪುಡಿಯ ಒಂದು ಪಾಲನ್ನು ಮೊಹರು ಮಾಡಿ, ಪ್ರಯೋಗ ಮಾಡುವವರಿಗೆ ಸಂಬಂಧವಿಲ್ಲದ ಮೂರನೆಯವರ ಬಳಿ ಇರಿಸುವುದನ್ನು ಮರೆಯಬೇಡಿ. ಬಳಸಿದ ಪುಡಿಯನ್ನು ಪಾತ್ರೆಯಿಂದ ಹೊರತೆಗೆಯುವವರೂ ಅವರೇ ಆಗಿರಲಿ.